ಎತ್ತರ ಸಿಕ್ಕರೆ ವಿಸ್ತೀರ್ಣ ಸಿಕ್ಕಂತೆ: ತ್ರಿಭುಜದ ಲೆಕ್ಕಕ್ಕೆ 12 ಯಶಸ್ಸಿನ ಸೂತ್ರಗಳು

ಅರ್ಧ ಗುಣಿಸು ಪಾದ ಗುಣಿಸು ಎತ್ತರ. ಏಳನೇ ತರಗತಿ ದಾಟಿದ ಯಾರನ್ನು ಕೇಳಿದರೂ ನಿದ್ದೆಗಣ್ಣಲ್ಲೇ ಒಪ್ಪಿಸುತ್ತಾರೆ. ಆದರೂ ಪರೀಕ್ಷೆಯಲ್ಲಿ ಈ ಲೆಕ್ಕಕ್ಕೆ ಅಂಕ ಹೋಗುತ್ತದೆ. ಸೊಟ್ಟ ಸೈಟು ಕೊಳ್ಳುವವರು ಇದೇ ಲೆಕ್ಕ ತಪ್ಪಿ ದುಡ್ಡು ಕಳೆದುಕೊಳ್ಳುತ್ತಾರೆ. ತೊಡಕಿರುವುದು ಎತ್ತರದಲ್ಲಿ. ಪಾದ ಕಣ್ಣಿಗೆ ಕಾಣುತ್ತದೆ, ಅಳತೆಗೆ ಸಿಗುತ್ತದೆ. ಎತ್ತರ ಮಾತ್ರ ಚಿತ್ರದಲ್ಲಿ ಇರುವುದೇ ಇಲ್ಲ, ಅದನ್ನು ನಾವೇ ಎಳೆದು ನಾವೇ ಕಂಡುಹಿಡಿಯಬೇಕು. ಆ ದಾರಿಗಳು ಕೈವಶವಾದರೆ ಪ್ರಶ್ನೆ ಯಾವ ವೇಷದಲ್ಲಿ ಬಂದರೂ ಹೆದರಬೇಕಾಗಿಲ್ಲ.

1. ಮೊದಲು ಪಾದ ಗೊತ್ತುಮಾಡಿ, ಆಮೇಲೆ ಎತ್ತರದ ಮಾತು

ಚಿತ್ರದ ಕೆಳಗಡೆ ಮಲಗಿರುವ ಗೆರೆಯೇ ಪಾದ ಎಂದು ಬಹಳ ಮಕ್ಕಳು ನಂಬಿದ್ದಾರೆ. ಹಾಗೇನಿಲ್ಲ. ಮೂರು ಬಾಹುಗಳಲ್ಲಿ ಯಾವುದನ್ನು ಬೇಕಾದರೂ ಪಾದವೆಂದು ಆರಿಸಿಕೊಳ್ಳಬಹುದು. ಆರಿಸಿದ ಮೇಲೆ, ಎದುರಿನ ಶೃಂಗದಿಂದ ಅದಕ್ಕೆ ಇಳಿಸಿದ ಲಂಬವೇ ಎತ್ತರ. ಹಾಗಾಗಿ ಒಂದು ತ್ರಿಭುಜಕ್ಕೆ ಮೂರು ಪಾದ, ಮೂರು ಎತ್ತರ. ವಿಸ್ತೀರ್ಣ ಮಾತ್ರ ಒಂದೇ.

13, 14, 15 ಸೆಂ.ಮೀ. ಬಾಹುಗಳ ತ್ರಿಭುಜ ತೆಗೆದುಕೊಳ್ಳಿ. 14ಕ್ಕೆ ಇಳಿಸಿದ ಎತ್ತರ 12. 15ಕ್ಕೆ ಇಳಿಸಿದ್ದು 11.2. 13ಕ್ಕೆ ಇಳಿಸಿದ್ದು ಸುಮಾರು 12.92. ಮೂರು ಜೋಡಿಯಲ್ಲಿ ಯಾವುದನ್ನು ಗುಣಿಸಿ ಅರ್ಧ ಮಾಡಿದರೂ ಬರುವುದು 84 ಚದರ ಸೆಂ.ಮೀ. ಅತಿ ಉದ್ದದ ಬಾಹುವಿಗೆ ಅತಿ ಗಿಡ್ಡ ಎತ್ತರ ಎಂಬುದನ್ನೂ ಇಲ್ಲೇ ಗಮನಿಸಿ, ಮುಂದೆ ತಾಳೆ ನೋಡುವಾಗ ಉಪಯೋಗಕ್ಕೆ ಬರುತ್ತದೆ.

2. ಓರೆ ಬಾಹುವನ್ನು ಎತ್ತರ ಎಂದುಕೊಳ್ಳಬೇಡಿ

ಅತಿ ಹೆಚ್ಚು ಅಂಕ ಹೋಗುವ ಜಾಗ ಇದು. ಮೇಲಿನ ತ್ರಿಭುಜದಲ್ಲೇ 13ನ್ನು ಎತ್ತರವೆಂದು ಹಿಡಿದರೆ ಉತ್ತರ 91 ಆಗುತ್ತದೆ, 7 ಹೆಚ್ಚು. ಲಂಬಕೋನದ ಗುರುತಾದ ಪುಟ್ಟ ಚೌಕ ಚಿತ್ರದಲ್ಲಿ ಇಲ್ಲದಿದ್ದರೆ ಆ ಗೆರೆಯನ್ನು ಎತ್ತರವೆಂದು ಒಪ್ಪಿಕೊಳ್ಳಲೇಬೇಡಿ.

ಕೈಯಾರೆ ಎಳೆದು ನೋಡುವುದು ಒಳ್ಳೆಯದು. ಅಳತೆಪಟ್ಟಿಯನ್ನು ಪಾದಕ್ಕೆ ಸರಿಯಾಗಿ ಒತ್ತಿ ಹಿಡಿಯಿರಿ. ಅದರ ಅಂಚಿಗೆ ಮೂಲೆಮಟ್ಟದ ಲಂಬ ಮೂಲೆಯನ್ನು ತಾಗಿಸಿ, ನಿಧಾನವಾಗಿ ಪಕ್ಕಕ್ಕೆ ಸರಿಸುತ್ತ ಹೋಗಿ. ಮೂಲೆಮಟ್ಟದ ನೇರ ನಿಂತ ಅಂಚು ಶೃಂಗವನ್ನು ಮುಟ್ಟಿದ ಕ್ಷಣ ನಿಲ್ಲಿಸಿ ಗೆರೆ ಎಳೆಯಿರಿ. ಪಾದವನ್ನು ಬದಲಿಸಿ ಇದನ್ನೇ ಮೂರು ಸಲ ಮಾಡಿ. ಅಳತೆ ಸರಿಯಿದ್ದರೆ ಮೂರು ಲಂಬಗಳೂ ಒಂದೇ ಬಿಂದುವಿನಲ್ಲಿ ಹಾದುಹೋಗುತ್ತವೆ. ನಿಮ್ಮ ಕೈ ಎಷ್ಟು ನೇರ ಎನ್ನುವುದಕ್ಕೆ ಅದೇ ಪರೀಕ್ಷೆ.

3. ‘ಅರ್ಧ’ ಎಲ್ಲಿಂದ ಬಂತು? ಮಡಚಿ ನೋಡಿ

ಬಾಯಿಪಾಠ ಮರೆಯುತ್ತದೆ, ಕೈ ಮಾಡಿದ್ದು ಮರೆಯುವುದಿಲ್ಲ. ನೋಟುಬುಕ್ಕಿನ ಹಾಳೆಯಿಂದ ಒಂದು ತ್ರಿಭುಜ ಕತ್ತರಿಸಿ, ಉದ್ದನೆಯ ಬಾಹುವನ್ನು ಕೆಳಗಿಟ್ಟುಕೊಳ್ಳಿ. ಮೇಲಿನ ತುದಿಯನ್ನು ನೇರ ಕೆಳಗೆ ಬಾಗಿಸಿ, ಪಾದಕ್ಕೆ ತಾಗುವಂತೆ ಮಡಚಿ. ತುದಿ ತಾಗಿದ ಜಾಗಕ್ಕೆ ಎಡ ಮೂಲೆಯನ್ನೂ ಬಲ ಮೂಲೆಯನ್ನೂ ತಂದು ಮಡಚಿ. ಮೂರು ತುದಿಗಳೂ ಒಂದೇ ಕಡೆ ಕೂಡಿ, ಕೈಯಲ್ಲಿ ಎರಡು ಪದರದ ಆಯತ ಉಳಿಯುತ್ತದೆ. ಅದರ ಉದ್ದ ಪಾದದ ಅರ್ಧ, ಅಗಲ ಎತ್ತರದ ಅರ್ಧ. ಪದರ ಎರಡಿರುವುದರಿಂದ ಎರಡರಿಂದ ಗುಣಿಸಿ. ಸೂತ್ರ ತಾನಾಗಿಯೇ ಬಂತು. ಜೊತೆಗೆ ಮೂರು ಕೋನಗಳೂ ಒಂದೇ ಬಿಂದುವಿನಲ್ಲಿ ಸೇರಿ ನೇರ ಗೆರೆಯಾಗಿರುವುದನ್ನು ನೋಡಿ: ಕೋನಗಳ ಮೊತ್ತ 180 ಡಿಗ್ರಿ ಎನ್ನುವುದಕ್ಕೂ ಅದೇ ಹಾಳೆ ಸಾಕ್ಷಿ.

ಆರ್ಯಭಟ 499ರಲ್ಲಿ ರಚಿಸಿದ ‘ಆರ್ಯಭಟೀಯ’ದ ಗಣಿತಪಾದದಲ್ಲಿ ಈ ನಿಯಮ ಇದೆ: ಲಂಬವನ್ನು ಪಾದದ ಅರ್ಧದಿಂದ ಗುಣಿಸು. ಲೆಕ್ಕ ಮಾಡುವಾಗಲೂ ಇದೇ ಕ್ರಮ ಸುಲಭ. ಮೊದಲೇ ಸಮಸಂಖ್ಯೆಯನ್ನು ಅರ್ಧ ಮಾಡಿಕೊಂಡು ಆಮೇಲೆ ಗುಣಿಸಿದರೆ ಸಂಖ್ಯೆಗಳು ಚಿಕ್ಕವಾಗೇ ಇರುತ್ತವೆ.

4. ಲಂಬಕೋನ ಕಂಡರೆ ಅರ್ಧ ಕೆಲಸ ಮುಗಿದಂತೆ

ಲಂಬಕೋನವನ್ನು ಹಿಡಿದಿರುವ ಎರಡು ಬಾಹುಗಳಲ್ಲಿ ಒಂದು ಪಾದ, ಇನ್ನೊಂದು ಎತ್ತರ. 3-4-5, 5-12-13, 8-15-17, 7-24-25 ಈ ನಾಲ್ಕು ಗುಂಪುಗಳನ್ನೂ ಅವುಗಳ ಮಡಿಗಳನ್ನೂ ಕಣ್ಣು ತಾನಾಗಿ ಗುರುತಿಸುವಂತಾಗಲಿ. ವಿಕರ್ಣಕ್ಕೆ ಇಳಿಸಿದ ಎತ್ತರ ಕೇಳಿದರೆ, ಎರಡು ಬಾಹುಗಳ ಗುಣಲಬ್ಧವನ್ನು ವಿಕರ್ಣದಿಂದ ಭಾಗಿಸಿ. 6, 8, 10ಕ್ಕೆ ಅದು 4.8.

5. ಪಾದ ಸರಿಯರ್ಧ ಆಗುವುದು ಸಮದ್ವಿಬಾಹುವಿನಲ್ಲಿ ಮಾತ್ರ

ಎರಡು ಬಾಹು ಸಮವಿದ್ದರೆ, ಅವು ಸೇರುವ ತುದಿಯಿಂದ ಇಳಿಸಿದ ಲಂಬ ಪಾದವನ್ನು ನಟ್ಟನಡುವೆ ಕಡಿಯುತ್ತದೆ. 10, 10, 12 ಇದ್ದರೆ ಅರ್ಧ ಪಾದ 6, ಎತ್ತರ 8, ವಿಸ್ತೀರ್ಣ 48. ಸಮಬಾಹು ತ್ರಿಭುಜಕ್ಕೆ ಎತ್ತರ, ಬಾಹುವಿನ ಅರ್ಧಕ್ಕೆ √3ರಿಂದ ಗುಣಿಸಿದಷ್ಟು. ವಿಸ್ತೀರ್ಣ, ಬಾಹುವಿನ ವರ್ಗದ ಕಾಲುಭಾಗಕ್ಕೆ √3ರಿಂದ ಗುಣಿಸಿದಷ್ಟು. ಬಾಹು 6 ಇದ್ದರೆ ವಿಸ್ತೀರ್ಣ 9√3, ಅಂದರೆ ಸುಮಾರು 15.59. 1.732 ಹಾಕುವುದನ್ನು ಕೊನೆಯ ಸಾಲಿಗೆ ಬಿಡಿ. ನಡುವೆ √3 ಹಾಗೇ ಇರಲಿ.

ಇದೇ ಅಭ್ಯಾಸದಲ್ಲಿ ಎಲ್ಲ ತ್ರಿಭುಜದಲ್ಲೂ ಪಾದವನ್ನು ಅರ್ಧ ಮಾಡಿ ಪೈಥಾಗೊರಸ್ ಪ್ರಮೇಯ ಹಾಕುವವರಿದ್ದಾರೆ. 13, 14, 15ರಲ್ಲಿ ಹಾಗೆ ಮಾಡಿದರೆ ಒಂದು ಕಡೆಯಿಂದ √120, ಇನ್ನೊಂದು ಕಡೆಯಿಂದ √176 ಬರುತ್ತದೆ. ಒಂದೇ ಲಂಬಕ್ಕೆ ಎರಡು ಉದ್ದ ಹೇಗೆ ಸಾಧ್ಯ? ಬಾಹುಗಳು ಅಸಮವಾದಾಗ ಲಂಬ ಎಲ್ಲಿ ಬೀಳುತ್ತದೆ ಎಂದು ಮೊದಲು ಕಂಡುಹಿಡಿಯಬೇಕು. ಅದಕ್ಕೆ ಮುಂದಿನ ಸೂತ್ರ.

6. ಮೂರು ಬಾಹು ಕೊಟ್ಟಾಗ ಭಾಸ್ಕರಾಚಾರ್ಯರ ದಾರಿ ಹಿಡಿಯಿರಿ

ಭಾಸ್ಕರಾಚಾರ್ಯರ ‘ಲೀಲಾವತಿ’ 1150ರದು. ಪಾದ 14, ಬಾಹುಗಳು 13 ಮತ್ತು 15 ಎಂಬ ತ್ರಿಭುಜದ ಲೆಕ್ಕ ಅದರಲ್ಲೇ ಇದೆ. ಲಂಬ ಬಿದ್ದಾಗ ಪಾದ ಎರಡು ತುಂಡಾಗುತ್ತದೆ. ಈ ತುಂಡುಗಳನ್ನು ಅವರು ಆಬಾಧೆ ಎಂದು ಕರೆಯುತ್ತಾರೆ. ಮೊದಲು ಆಬಾಧೆ, ಆಮೇಲೆ ಲಂಬ, ಕೊನೆಗೆ ವಿಸ್ತೀರ್ಣ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ಬರೆದ ‘ಗಣಿತಸಾರಸಂಗ್ರಹ’ದಲ್ಲೂ ಇದೇ ಕ್ರಮ. ಇಷ್ಟು ಚೊಕ್ಕವಾದ ವಿಧಾನವನ್ನು ನಮ್ಮ ಮಕ್ಕಳಿಗೆ ಎಂಟನೇ ತರಗತಿಯಲ್ಲೇ ಕಲಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೈಥಾಗೊರಸ್ ಬಿಟ್ಟು ಬೇರೇನೂ ಇದಕ್ಕೆ ಬೇಕಾಗಿಲ್ಲ.

ಮಾಡುವ ಬಗೆ ಹೀಗೆ. ಲಂಬದ ಎರಡೂ ಪಕ್ಕ ಒಂದೊಂದು ಲಂಬಕೋನ ತ್ರಿಭುಜವಿದೆ, ಎರಡಕ್ಕೂ ಲಂಬ ಒಂದೇ. ಹಾಗಾಗಿ ಎರಡು ಬಾಹುಗಳ ವರ್ಗಗಳ ನಡುವೆ ಎಷ್ಟು ಅಂತರವಿದೆಯೋ ಎರಡು ತುಂಡುಗಳ ವರ್ಗಗಳ ನಡುವೆಯೂ ಅಷ್ಟೇ ಅಂತರ. 15ರ ವರ್ಗ 225, 13ರ ವರ್ಗ 169, ಅಂತರ 56. ವರ್ಗಗಳ ಅಂತರವೆಂದರೆ ಮೊತ್ತ ಗುಣಿಸು ವ್ಯತ್ಯಾಸ. ತುಂಡುಗಳ ಮೊತ್ತ ಪಾದವೇ, ಅಂದರೆ 14. ಆದ್ದರಿಂದ ಅವುಗಳ ವ್ಯತ್ಯಾಸ 56 ÷ 14 = 4. ಮೊತ್ತ 14, ವ್ಯತ್ಯಾಸ 4 ಇರುವ ಎರಡು ಸಂಖ್ಯೆಗಳು 9 ಮತ್ತು 5. ಇನ್ನು ಲಂಬದ ವರ್ಗ 169 − 25 = 144, ಲಂಬ 12. ಇನ್ನೊಂದು ಪಕ್ಕದಿಂದಲೂ ನೋಡಿ: 225 − 81 = 144. ವಿಸ್ತೀರ್ಣ 7 × 12 = 84.

ಎರಡು ಪಕ್ಕದಿಂದಲೂ ಒಂದೇ ಎತ್ತರ ಬರಬೇಕು ಎನ್ನುವುದೇ ಈ ವಿಧಾನದ ದೊಡ್ಡ ಲಾಭ. ಲೆಕ್ಕ ಎಡವಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ.

7. ಲಂಬ ಹೊರಗೆ ಬಿದ್ದರೆ ಗಾಬರಿ ಬೇಡ

ವಿಶಾಲಕೋನ ತ್ರಿಭುಜದಲ್ಲಿ ಚಿಕ್ಕ ಬಾಹುವನ್ನು ಪಾದವಾಗಿ ಹಿಡಿದರೆ ಎದುರಿನ ಶೃಂಗ ಪಾದದಾಚೆಗೆ ಚಾಚಿಕೊಂಡಿರುತ್ತದೆ. ಪಾದವನ್ನು ಚುಕ್ಕಿಗೆರೆಯಲ್ಲಿ ಮುಂದಕ್ಕೆ ಎಳೆದು ಅದಕ್ಕೆ ಲಂಬ ಇಳಿಸಿ. ಸೂತ್ರದಲ್ಲಿ ಬಳಸಬೇಕಾದ ಪಾದ ಮಾತ್ರ ಮೊದಲಿನದೇ. ಚುಕ್ಕಿಗೆರೆಯ ಉದ್ದವನ್ನು ಸೇರಿಸಬೇಡಿ.

ಲೀಲಾವತಿಯಲ್ಲಿ ಇದಕ್ಕೂ ಒಂದು ಲೆಕ್ಕವಿದೆ: ಬಾಹುಗಳು 10 ಮತ್ತು 17, ಪಾದ 9. ವರ್ಗಗಳ ಅಂತರ 289 − 100 = 189. ಅದನ್ನು 9ರಿಂದ ಭಾಗಿಸಿದರೆ 21. ಮೊತ್ತ 9, ವ್ಯತ್ಯಾಸ 21! ತುಂಡುಗಳು 15 ಮತ್ತು −6. ಇಲ್ಲಿ ಬಹಳ ಮಂದಿ ಉತ್ತರ ತಪ್ಪೆಂದು ಹೊಡೆದುಹಾಕುತ್ತಾರೆ. ಭಾಸ್ಕರಾಚಾರ್ಯರು ಹಾಗೆ ಮಾಡಲಿಲ್ಲ. ಆಬಾಧೆ ಋಣವಾದರೆ ದಿಕ್ಕು ತಿರುಗಿದೆ ಎಂದು ತಿಳಿಯಬೇಕು ಎಂದು ವಿವರಿಸಿದರು. ಲಂಬ ಪಾದದ ತುದಿಯಿಂದ 6 ಹೊರಗೆ ಬಿದ್ದಿದೆ, ಅಷ್ಟೇ. 100 − 36 = 64, ಎತ್ತರ 8, ವಿಸ್ತೀರ್ಣ 36. ಋಣಸಂಖ್ಯೆಗೆ ಇಂಥ ನೇರವಾದ, ನೆಲದ ಮೇಲೆ ತೋರಿಸಬಹುದಾದ ಅರ್ಥ ಕೊಟ್ಟಿದ್ದನ್ನು ನೋಡಿದಾಗ ಈಗಲೂ ಮನಸ್ಸು ತುಂಬುತ್ತದೆ.

ಹೊರಗೆ ಬೀಳುವುದೇ ಬೇಡ ಅನ್ನಿಸಿದರೆ ಉದ್ದದ ಬಾಹುವನ್ನೇ ಪಾದ ಮಾಡಿಕೊಳ್ಳಿ. ಆಗ ಲಂಬ ಯಾವಾಗಲೂ ಒಳಗೇ ಬೀಳುತ್ತದೆ.

8. ಹೆರಾನನ ಸೂತ್ರ ಬಳಸುವಾಗ ಗುಣಿಸಬೇಡಿ, ಒಡೆಯಿರಿ

ಅಲೆಕ್ಸಾಂಡ್ರಿಯದ ಹೆರಾನ್ 1ನೇ ಶತಮಾನದವನು. ಅವನ ‘ಮೆಟ್ರಿಕಾ’ ಗ್ರಂಥದಲ್ಲಿರುವ ಸೂತ್ರ ಎತ್ತರದ ಗೊಡವೆಗೇ ಹೋಗುವುದಿಲ್ಲ. ಸುತ್ತಳತೆಯ ಅರ್ಧ ತೆಗೆದುಕೊಳ್ಳಿ. ಅದರಿಂದ ಒಂದೊಂದೇ ಬಾಹುವನ್ನು ಕಳೆಯಿರಿ. ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 13, 14, 15ಕ್ಕೆ ಅರ್ಧಸುತ್ತಳತೆ 21. ಉಳಿದವು 8, 7, 6. ಇಲ್ಲಿ 7056 ಎಂದು ಗುಣಿಸಿ ಅದರ ವರ್ಗಮೂಲಕ್ಕಾಗಿ ಭಾಗಾಕಾರ ಹಾಕುತ್ತ ಕೂತರೆ ಸಮಯ ಹೋಯಿತು. 21ನ್ನು 3 × 7 ಮಾಡಿ, 8ನ್ನು 2 × 2 × 2 ಮಾಡಿ, 6ನ್ನು 2 × 3 ಮಾಡಿ. 7ರ ಜೋಡಿ ಒಂದು, 3ರ ಜೋಡಿ ಒಂದು, 2ರ ಜೋಡಿ ಎರಡು. ಜೋಡಿಗೊಂದರಂತೆ ಹೊರಗೆ ತನ್ನಿ: 7 × 3 × 2 × 2 = 84.

ಎಲ್ಲ ಲೆಕ್ಕವೂ ಹೀಗೆ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಹೆರಾನ್ ತಾನೇ ಕೊಟ್ಟ ಉದಾಹರಣೆ 7, 8, 9. ಅದಕ್ಕೆ ಉತ್ತರ √720, ಅಂದರೆ 12√5, ಸುಮಾರು 26.83. ಅಂಥ ಕಡೆ ಮೂಲಚಿಹ್ನೆ ಇಟ್ಟೇ ಉತ್ತರ ಬರೆಯಿರಿ, ದಶಮಾಂಶ ಕೇಳಿದರೆ ಮಾತ್ರ ಬಿಡಿಸಿ.

9. ವಿಸ್ತೀರ್ಣದಿಂದ ಎತ್ತರಕ್ಕೆ ವಾಪಸ್ ಬನ್ನಿ

‘ಅತಿ ಉದ್ದದ ಬಾಹುವಿನ ಮೇಲಿನ ಎತ್ತರ ಎಷ್ಟು?’ ಪರೀಕ್ಷೆಯ ಅಚ್ಚುಮೆಚ್ಚಿನ ಪ್ರಶ್ನೆ. ಹೆರಾನನ ಸೂತ್ರದಿಂದ ವಿಸ್ತೀರ್ಣ ತೆಗೆದು, ಎರಡರಿಂದ ಗುಣಿಸಿ, ಆ ಬಾಹುವಿನಿಂದ ಭಾಗಿಸಿ. ಇಮ್ಮಡಿ ಮಾಡುವುದನ್ನು ಮರೆಯುವವರೇ ಹೆಚ್ಚು. ಬಂದ ಎತ್ತರ ಪಕ್ಕದ ಎರಡು ಬಾಹುಗಳಲ್ಲಿ ಯಾವುದಕ್ಕಿಂತಲೂ ದೊಡ್ಡದಾಗಿರಲು ಸಾಧ್ಯವಿಲ್ಲ. ದೊಡ್ಡದಾಗಿದ್ದರೆ ಹಿಂದಿನ ಸಾಲು ನೋಡಿ. ಎರಡು ಬಾಹು ಮತ್ತು ನಡುವಿನ ಕೋನ ಕೊಟ್ಟಿದ್ದರೆ ಬಾಹುಗಳ ಗುಣಲಬ್ಧದ ಅರ್ಧವನ್ನು ಕೋನದ ಸೈನ್‌ನಿಂದ ಗುಣಿಸಿದರೆ ವಿಸ್ತೀರ್ಣ. 8, 10, ನಡುವೆ 30 ಡಿಗ್ರಿ ಇದ್ದರೆ 20. ಕೋನ 150 ಡಿಗ್ರಿಯಾದರೂ 20.

10. ಬಿಂದುಗಳನ್ನು ಕೊಟ್ಟರೆ ಚೌಕಟ್ಟು ಕಟ್ಟಿ

(1, 1), (5, 2), (3, 6) ಶೃಂಗಗಳು ಎನ್ನಿ. ಗ್ರಾಫ್ ಹಾಳೆಯಲ್ಲಿ ಮೂರನ್ನೂ ಒಳಗೊಳ್ಳುವ ಆಯತ ಬರೆಯಿರಿ: ಅಗಲ 4, ಎತ್ತರ 5, ವಿಸ್ತೀರ್ಣ 20. ಮೂಲೆಗಳಲ್ಲಿ ಉಳಿಯುವ ಮೂರು ಲಂಬಕೋನ ತ್ರಿಭುಜಗಳು 2, 4, 5. ಕಳೆದರೆ 9. ನಿರ್ದೇಶಾಂಕಗಳ ಉದ್ದ ಸೂತ್ರ ಮರೆತುಹೋದರೂ ಇದು ಕೈಬಿಡುವುದಿಲ್ಲ.

11. ಸೈಟು, ಹೊಲ ಅಳೆಯುವಾಗ ನಾಲ್ಕು ಬದಿ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಿರಿ

12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ಕ್ಷೇತ್ರಗಣಿತ’ ಬರೆದ. ಹೆರಾನನ ಹೆಸರು ಗೊತ್ತಿರುವ ಮಕ್ಕಳಿಗೆ ಅವನ ಹೆಸರೂ ಗೊತ್ತಿರಬೇಕು. ನೆಲ ಅಳೆಯುವ ವಿದ್ಯೆ ನಮ್ಮಲ್ಲಿ ಅಷ್ಟು ಹಳೆಯದಾದರೂ ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸುವ ರೂಢಿ ಇನ್ನೂ ಹೋಗಿಲ್ಲ. 628ರಲ್ಲೇ ಬ್ರಹ್ಮಗುಪ್ತರು ಅದನ್ನು ಸ್ಥೂಲ ಲೆಕ್ಕವೆಂದು ಬೇರೆಯಾಗಿಟ್ಟು, ಸೂಕ್ಷ್ಮ ಲೆಕ್ಕವನ್ನು ಬೇರೆ ಹೇಳಿದ್ದಾರೆ. ಮೂಲೆಗಳೆಲ್ಲ ನೇರವಿದ್ದರೆ ಮಾತ್ರ ಸರಾಸರಿ ಲೆಕ್ಕ ಸರಿ. ಇಲ್ಲದಿದ್ದರೆ ಯಾವಾಗಲೂ ಇರುವುದಕ್ಕಿಂತ ಹೆಚ್ಚೇ ತೋರಿಸುತ್ತದೆ. ನಷ್ಟ ಕೊಳ್ಳುವವರಿಗೆ.

ನಾಲ್ಕೂ ಬದಿ 40 ಅಡಿಯ ಸೈಟು ಎಂದು ಪತ್ರದಲ್ಲಿದೆ ಎನ್ನಿ. 1600 ಚದರ ಅಡಿ ಎಂದು ದುಡ್ಡು ಕೊಡುವ ಮುನ್ನ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿಯಿರಿ. ಅದು 48 ಅಡಿ ಬಂದರೆ ಸೈಟು ಸೊಟ್ಟಗಿದೆ. ಈಗ ನಿಮ್ಮ ಮುಂದಿರುವುದು 40, 40, 48ರ ಎರಡು ತ್ರಿಭುಜ. ಅರ್ಧ ಪಾದ 24, ಎತ್ತರ 32, ಒಂದರ ವಿಸ್ತೀರ್ಣ 768, ಎರಡೂ ಸೇರಿ 1536. ಪತ್ರದಲ್ಲಿ ಸುಳ್ಳಿಲ್ಲ, ಆದರೂ 64 ಚದರ ಅಡಿ ನೆಲದಲ್ಲಿಲ್ಲ.

ಹೊಲಕ್ಕೂ ಇದೇ ಕ್ರಮ. ಸರ್ವೆಯ ಚೈನು 33 ಅಡಿ. ಒಂದು ಚದರ ಚೈನೆಂದರೆ 1089 ಚದರ ಅಡಿ, ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಚೈನಿನಲ್ಲಿ ಅಳೆದರೆ ಉತ್ತರ ನೇರ ಗುಂಟೆಯಲ್ಲೇ ಬರುತ್ತದೆ. ನಾಲ್ಕು ಮೂಲೆಯ ಹೊಲದಲ್ಲಿ ಎದುರು ಮೂಲೆಗಳ ನಡುವೆ ಹಗ್ಗ ಬಿಗಿದು ಪಾದ ಮಾಡಿಕೊಳ್ಳಿ. ಉಳಿದ ಎರಡು ಮೂಲೆಗಳಿಂದ ಹಗ್ಗಕ್ಕೆ ಲಂಬ ಹಿಡಿಯಿರಿ. ಪಾದ 6 ಚೈನು, ಲಂಬಗಳು 3 ಮತ್ತು 2 ಚೈನು ಆದರೆ 6ರ ಅರ್ಧ ಗುಣಿಸು 5, ಒಟ್ಟು 15 ಗುಂಟೆ. ಲಂಬ ನೇರವಿದೆಯೇ ಎಂದು ನೋಡಲು ಸರ್ವೆಯವರ ಬಳಿ ಕ್ರಾಸ್ ಸ್ಟಾಫ್ ಇರುತ್ತದೆ. ಅದಿಲ್ಲದವರು 12 ಅಡಿ ದಾರಕ್ಕೆ 3, 4, 5 ಅಡಿಯ ಭಾಗಗಳಾಗುವಂತೆ ಗಂಟು ಹಾಕಿ, ತುದಿ ಸೇರಿಸಿ, ಮೂರು ಗೂಟಕ್ಕೆ ಬಿಗಿಯಾಗಿ ಎಳೆದರೆ 3 ಮತ್ತು 4 ಕೂಡುವ ಮೂಲೆ ಲಂಬಕೋನ.

12. ಸಪೂರ ತ್ರಿಭುಜದಲ್ಲಿ ಬಾಹು ನಂಬಬೇಡಿ, ಲಂಬ ಅಳೆಯಿರಿ

ಕಾಲುವೆ ಪಕ್ಕ, ರಸ್ತೆ ಪಕ್ಕ ಉಳಿಯುವ ಜಮೀನಿನ ತುಂಡುಗಳು ಉದ್ದಕ್ಕೆ ಚಾಚಿ ಸಪೂರವಾಗಿರುತ್ತವೆ. ಇಂಥ ಕಡೆ ಮೂರು ಬದಿ ಅಳೆದು ಹೆರಾನನ ಸೂತ್ರ ಹಾಕುವುದು ಅಪಾಯ. 100, 51, 50 ಮೀಟರಿನ ತುಂಡಿನ ವಿಸ್ತೀರ್ಣ ಸುಮಾರು 354 ಚದರ ಮೀಟರ್. ಟೇಪು ಬಿಗಿಯಾಗಿ ಹಿಡಿಯದೆಯೋ, ಗುರುತು ತಪ್ಪಿ ಓದಿಯೋ 51ರ ಜಾಗದಲ್ಲಿ 50.5 ಬರೆದರೆ ಲೆಕ್ಕ ಸುಮಾರು 250ಕ್ಕೆ ಇಳಿಯುತ್ತದೆ. ಅರ್ಧ ಮೀಟರಿನ ತಪ್ಪಿಗೆ 104 ಚದರ ಮೀಟರ್ ಹೋಯಿತು. 130, 140, 150 ಮೀಟರಿನ ತ್ರಿಭುಜದಲ್ಲಿ ಉದ್ದದ ಬದಿಯನ್ನು ಅಷ್ಟೇ ತಪ್ಪಾಗಿ ಅಳೆದರೆ 8400 ಇದ್ದದ್ದು ಸುಮಾರು 8384 ಆಗುತ್ತದೆ, ಅಷ್ಟೇ. ಸೂತ್ರ ಎರಡು ಕಡೆಯೂ ಒಂದೇ. ಆದರೆ ತ್ರಿಭುಜ ಚಪ್ಪಟೆಯಾದಷ್ಟೂ ಬಾಹುವಿನ ಸಣ್ಣ ತಪ್ಪು ಎತ್ತರವನ್ನು ಬಹಳ ಅಲುಗಾಡಿಸುತ್ತದೆ.

ಆದ್ದರಿಂದ ಆ 100 ಮೀಟರಿನ ಬದಿಗೆ ಹಗ್ಗ ಬಿಗಿದು, ಎದುರು ಮೂಲೆಯಿಂದ ಲಂಬವನ್ನೇ ಅಳೆಯಿರಿ. ಅದು 7 ಮೀಟರಿಗಿಂತ ಚೂರು ಹೆಚ್ಚು ಬರುತ್ತದೆ. ಅಲ್ಲಿ ಅದೇ ಅರ್ಧ ಮೀಟರ್ ತಪ್ಪಿದರೂ ಹೋಗುವುದು 25 ಚದರ ಮೀಟರ್ ಮಾತ್ರ. ಆ ತಪ್ಪನ್ನೂ ಕಡಿಮೆ ಮಾಡಬೇಕೆಂದರೆ ಲಂಬವನ್ನು ಎರಡು ಸಲ ಅಳೆದು, ಎರಡೂ ಅಳತೆಯನ್ನು ಬರೆದಿಡಿ.